ಎಳ್ಳು-ಬೆಲ್ಲದ ತಿಂಗಳಲ್ಲಿ ಎಪಿಪೆನ್ನಿನ ಬೆಲೆ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸಂಕ್ರಾಂತಿ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬೇಗ ದಾಟಿಹೋದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ತಾಯಂದಿರಿಗೂ ಸಂಕ್ರಾಂತಿಯ ನಮಸ್ಕಾರಗಳು. ಈಗಷ್ಟೇ ನಾವೆಲ್ಲ ಎಳ್ಳು-ಬೆಲ್ಲ ಹಂಚಿಕೊಂಡೆವು. ಆ ಪುಟ್ಟ ಪೊಟ್ಟಣದಲ್ಲಿ ಎಳ್ಳು, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಇವೆ. ನಮಗೆ ಹಬ್ಬವೆನಿಸುವ ಈ ಪದಾರ್ಥಗಳಲ್ಲಿ ಮೊದಲ ಎರಡು ಕೆಲವು ಮಕ್ಕಳಿಗೆ ಪ್ರಾಣಾಪಾಯ ತರಬಲ್ಲವು. ಕಡಲೆಕಾಯಿಯ ಅಪಾಯ ಈ ದೇಶದವರಿಗೆ ಬಹಳ ಹಿಂದಿನಿಂದಲೂ ಗೊತ್ತಿತ್ತು. ಎಳ್ಳನ್ನು 2021ರ ಕಾನೂನೊಂದು ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಒಂಬತ್ತನೆಯದಾಗಿ ಸೇರಿಸಿತು, ಮತ್ತು 2023ರ ಜನವರಿ 1ರಿಂದ ಪೊಟ್ಟಣಗಳ ಮೇಲೆ ಅದನ್ನು ನಮೂದಿಸುವುದು ಕಡ್ಡಾಯವಾಯಿತು. ಅಮೆರಿಕದಲ್ಲಿ ಸುಮಾರು ಹದಿಮೂರು ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೊಂದು ಆಹಾರದ ಅಲರ್ಜಿ ಇದೆಯೆಂಬ ಅಂದಾಜನ್ನು ನೆನೆದರೆ, ಈ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಓಡಾಡುತ್ತಿರುವ ಮಕ್ಕಳಲ್ಲೂ ಒಂದಿಬ್ಬರಾದರೂ ಎಳ್ಳು-ಬೆಲ್ಲ ಮುಟ್ಟದೆ ಕುಳಿತಿರಬೇಕು.

ನಾನು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಕೆಲಸ ಮಾಡುವವನು. ಜನವರಿ ತಿಂಗಳೆಂದರೆ ನನಗೆ ಹಬ್ಬದ ಜೊತೆಗೆ ಇನ್ನೊಂದು ವಿಷಯವೂ ನೆನಪಾಗುತ್ತದೆ. ವಿಮೆಯ ವರ್ಷ ಬಹುಪಾಲು ಕುಟುಂಬಗಳಿಗೆ ಜನವರಿ 1ರಂದು ಹೊಸದಾಗಿ ಶುರುವಾಗುತ್ತದೆ. ವಿಮೆ ಹಣ ಕೊಡಲು ತೊಡಗುವ ಮುನ್ನ ಪ್ರತಿ ವರ್ಷ ನಾವೇ ಭರಿಸಬೇಕಾದ ಮೊತ್ತ, ಅಂದರೆ ಡಿಡಕ್ಟಿಬಲ್, ಆಗ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಡಿಸೆಂಬರ್‌ನಲ್ಲಿ ಹತ್ತಿಪ್ಪತ್ತು ಡಾಲರಿಗೆ ಸಿಗುತ್ತಿದ್ದ ಔಷಧಿ ಜನವರಿಯಲ್ಲಿ ಮುನ್ನೂರಕ್ಕೆ ಏರಿರುತ್ತದೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಜನವರಿಯಲ್ಲಿ ನಮ್ಮ ಕಡೆಯ ತಾಯಿಯೊಬ್ಬರು ಮಗನಿಗಾಗಿ ಎಪಿನೆಫ್ರಿನ್ ಆಟೋ-ಇಂಜೆಕ್ಟರ್ ತೆಗೆದುಕೊಳ್ಳಲು ಬಂದಿದ್ದರು. ತೀವ್ರ ಅಲರ್ಜಿ ಎದ್ದಾಗ ಮನೆಯವರೇ ಚುಚ್ಚಬಹುದಾದ ಮದ್ದಿನ ಪೆನ್ ಅದು; ಎಪಿಪೆನ್ ಎಂಬುದು ಅದರ ಹೆಸರಾಂತ ಬ್ರ್ಯಾಂಡ್. ಮನೆಗೆ ಒಂದು ಜೋಡಿ, ಶಾಲೆಗೆ ಒಂದು ಜೋಡಿ. ಬ್ರ್ಯಾಂಡಿನ ಹೆಸರಿಲ್ಲದ ಜೆನೆರಿಕ್ ಆಗಿದ್ದರೂ ಎರಡೂ ಸೇರಿ ಆರುನೂರು ಡಾಲರಿನಷ್ಟಾಯಿತು. "ಒಂದೇ ಒಂದು ಪೆನ್ ಕೊಡಲಿಕ್ಕಾಗುವುದಿಲ್ಲವೇ?" ಎಂದು ಅವರು ಕನ್ನಡದಲ್ಲಿ, ಬೇರೆಯವರಿಗೆ ಕೇಳಿಸದಂತೆ ಕೇಳಿದರು. ಜೋಡಿಯಾಗಿಯೇ ಬರುವ ಪೊಟ್ಟಣವನ್ನು ಒಡೆದು ಕೊಡುವ ಹಾಗಿರಲಿಲ್ಲ. ಅವರು ಒಂದು ಜೋಡಿ ಕೊಂಡು, ಶಾಲೆಗೆ ಹಳೆಯದನ್ನೇ ಕಳುಹಿಸುವುದಾಗಿ ಹೇಳಿ ಹೋದರು. ಆ ಹಳೆಯದರ ಅವಧಿ ಮುಗಿದು ಮೂರು ತಿಂಗಳಾಗಿತ್ತು. ಇಂದಿನ ನನ್ನ ಮಾತೆಲ್ಲ ಆ ತಾಯಿಯ ಪ್ರಶ್ನೆಗೆ ಅಂದು ಕೊಡಲಾಗದೆ ಹೋದ ಉತ್ತರವೆಂದು ತಾವು ತಿಳಿಯಬಹುದು.

ಮೊದಲು ಔಷಧಿಯ ವಿಷಯ. ಭಾರತದಲ್ಲಿ ನಾವು ಅಡ್ರಿನಾಲಿನ್ ಎನ್ನುವುದನ್ನೇ ಇಲ್ಲಿ ಎಪಿನೆಫ್ರಿನ್ ಎನ್ನುತ್ತಾರೆ, ಎರಡೂ ಒಂದೇ. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1901ರ ಹೊತ್ತಿಗೆ. ಅದರ ಮರುವರ್ಷವೇ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ದೇಹವು ತನ್ನನ್ನು ಕಾಯುವ ಬದಲು ತನ್ನ ಮೇಲೆಯೇ ಎರಗುವ ಸ್ಥಿತಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಗಂಟಲು ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವ ಆ ಗಳಿಗೆಯಲ್ಲಿ ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಿದ ಎಪಿನೆಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸಿ, ಶ್ವಾಸನಾಳವನ್ನು ತೆರೆದು, ಊತವನ್ನು ಇಳಿಸುತ್ತದೆ. ಅಲರ್ಜಿಗೆಂದು ಮನೆಯಲ್ಲಿಟ್ಟುಕೊಳ್ಳುವ ಮಾತ್ರೆಗಳು ತುರಿಕೆಯನ್ನು ತಣಿಸಬಲ್ಲವೇ ಹೊರತು ಈ ಕೆಲಸ ಮಾಡಲಾರವು. ಅಂದರೆ ಇದಕ್ಕೆ ಬದಲಿ ಔಷಧಿಯೆಂಬುದಿಲ್ಲ, ಮತ್ತು ನೂರು ವರ್ಷಕ್ಕೂ ಹಳೆಯದಾದ ಈ ಔಷಧಿಯ ಮೇಲೆ ಇಂದು ಯಾರ ಪೇಟೆಂಟೂ ಇಲ್ಲ. ದೊಡ್ಡವರಿಗೆ ಬೇಕಾಗುವ ಪ್ರಮಾಣ 0.3 ಮಿಲಿಗ್ರಾಂ; 15ರಿಂದ 30 ಕಿಲೋ ತೂಕದ ಮಗುವಿಗೆ ಅದರ ಅರ್ಧ. ಔಷಧಿಗಷ್ಟೇ ಬೆಲೆ ಕಟ್ಟುವುದಾದರೆ ಅದು ಬಿಡಿಕಾಸಿನ ಮಾತು.

ಹಾಗಾದರೆ ಹಣ ಯಾತಕ್ಕೆ? ಸಾಧನಕ್ಕೆ ಎಂದು ಕಂಪನಿಗಳು ಹೇಳುತ್ತವೆ, ಮತ್ತು ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ರಾಸಾಯನಿಕ ಯುದ್ಧದ ವಿಷಾನಿಲಕ್ಕೆ ಸಿಕ್ಕ ಸೈನಿಕರು ತಮಗೆ ತಾವೇ ಮದ್ದು ಚುಚ್ಚಿಕೊಳ್ಳಲೆಂದು ಶೆಲ್ಡನ್ ಕ್ಯಾಪ್ಲನ್ ಎಂಬ ಎಂಜಿನಿಯರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಸ್ಪ್ರಿಂಗ್ ಪೆನ್ ಅದು. ಅದರೊಳಗೆ ಎಪಿನೆಫ್ರಿನ್ ತುಂಬಿ ಅಲರ್ಜಿಗೆ ಬಳಸಲು 1987ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ನೀಡಿತು. ಗಾಬರಿಯಲ್ಲಿರುವ ತಾಯಿಯ ನಡುಗುವ ಕೈಯೂ ಬಟ್ಟೆಯ ಮೇಲಿಂದಲೇ ಸರಿಯಾದ ಪ್ರಮಾಣವನ್ನು ಚುಚ್ಚಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ. ಆದರೆ ಆ ಸಾಧನವೂ ಹಳೆಯದೇ. 2007ರಲ್ಲಿ ಮೈಲಾನ್ ಕಂಪನಿ ಎಪಿಪೆನ್ನಿನ ಹಕ್ಕು ಪಡೆದಾಗ ಎರಡು ಪೆನ್ನುಗಳ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿತ್ತು. 2016ರಲ್ಲಿ ಅದೇ ಜೋಡಿಗೆ 608 ಡಾಲರ್ ಆಗಿತ್ತು. ಈ ನಡುವೆ, 2011ರಲ್ಲಿ, ಬಿಡಿ ಪೆನ್ ಮಾರುವುದನ್ನೇ ಕಂಪನಿ ನಿಲ್ಲಿಸಿತು. ಮೊದಲ ಚುಚ್ಚುಮದ್ದಿಗೆ ಇಳಿಯದಿದ್ದರೆ ಐದರಿಂದ ಹದಿನೈದು ನಿಮಿಷದಲ್ಲಿ ಎರಡನೆಯದು ಬೇಕಾಗಬಹುದಾದ್ದರಿಂದ ಎರಡನ್ನು ಜೊತೆಗಿಟ್ಟುಕೊಳ್ಳಬೇಕೆಂಬ ವೈದ್ಯಕೀಯ ಸಲಹೆ ಸರಿಯಾದದ್ದೇ. ಆದರೆ ಒಂದು ಪೆನ್ ಮನೆಯಲ್ಲಿ ಉಳಿದಿರುವ ಕುಟುಂಬವೂ ಇನ್ನೊಂದಕ್ಕಾಗಿ ಎರಡರ ಬೆಲೆ ಕೊಡಬೇಕಾಯಿತು. ನನಗೆ ಕೌಂಟರಿನಲ್ಲಿ ಕೇಳಿಬಂದ ಆ ಪ್ರಶ್ನೆಯ ಬೇರು ಅಲ್ಲಿದೆ.

2016ರ ಸೆಪ್ಟೆಂಬರ್ 21ರಂದು ಕಂಪನಿಯ ಮುಖ್ಯಾಧಿಕಾರಿ ಹೆದರ್ ಬ್ರೆಶ್ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಹಾಜರಾದರು. ಅಂದು ಹೊರಬಂದ ಒಂದು ಲೆಕ್ಕ ಇಂದಿನ ನಮ್ಮ ವಿಷಯಕ್ಕೆ ಕೇಂದ್ರವಾದದ್ದು: 608 ಡಾಲರಿನಲ್ಲಿ ರಿಬೇಟು (ಮಾರಾಟವಾದ ಮೇಲೆ ತಯಾರಕ ಹಿಂದಿರುಗಿಸುವ ಹಣ), ಶುಲ್ಕಗಳೆಲ್ಲ ಕಳೆದು ಕಂಪನಿಯ ಕೈಗೆ ಬರುವುದು 274 ಡಾಲರ್ ಎಂದು ಅವರು ಹೇಳಿದರು. ಪೆನ್ನಿಗೆ 50 ಡಾಲರ್ ಮಾತ್ರ ಲಾಭವೆಂಬ ಅವರ ಮಾತು ತೆರಿಗೆಯನ್ನು ಮೊದಲೇ ಕಳೆದು ಮಾಡಿದ ಲೆಕ್ಕವೆಂದೂ, ತೆರಿಗೆಗೆ ಮುಂಚಿನ ಲಾಭ ಜೋಡಿಗೆ 166 ಡಾಲರ್ ಎಂದೂ ಕಂಪನಿ ಕೆಲವೇ ದಿನಗಳಲ್ಲಿ ತಿದ್ದಿ ಹೇಳಬೇಕಾಯಿತು. ಜನ ಸಹಜವಾಗಿಯೇ ಆ 166ರ ಮೇಲೆ ಸಿಟ್ಟಾದರು. ನಾನು ತಮ್ಮ ಗಮನ ಸೆಳೆಯಬಯಸುವುದು ಉಳಿದ 334 ಡಾಲರಿನ ಕಡೆಗೆ. ಬೆಲೆಯ ಅರ್ಧಕ್ಕಿಂತ ಹೆಚ್ಚಿನ ಭಾಗ ಔಷಧಿ ತಯಾರಿಸದ ಮಧ್ಯವರ್ತಿಗಳ ಬಳಿ ಹಂಚಿಹೋಗುತ್ತಿತ್ತು: ಸಗಟು ವ್ಯಾಪಾರಿ, ಔಷಧಿ ಅಂಗಡಿ, ವಿಮಾ ಕಂಪನಿ ಮತ್ತು ವಿಮೆಯ ಪರವಾಗಿ ಔಷಧಿಗಳ ಚೌಕಾಸಿ ಮಾಡುವ ಪಿಬಿಎಂ (ಫಾರ್ಮಸಿ ಬೆನಿಫಿಟ್ ಮ್ಯಾನೇಜರ್) ಎಂಬ ಸಂಸ್ಥೆ.

ಈ ಪಿಬಿಎಂ ಎಂಬುದು ಏನೆಂದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ತಿಂಗಳು ತಿಂಗಳೂ ಸಂಬಳದಿಂದ ಪ್ರೀಮಿಯಂ ಕಡಿತವಾಗುತ್ತಿದ್ದರೂ. ತಮ್ಮ ವಿಮೆಯ ಕಾರ್ಡನ್ನು ತಿರುಗಿಸಿ ನೋಡಿದರೆ ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಎಂಬ ಹೆಸರುಗಳಲ್ಲಿ ಒಂದು ಕಾಣಿಸುವ ಸಂಭವವೇ ಹೆಚ್ಚು. ದೇಶದ ಸುಮಾರು ಶೇ 80ರಷ್ಟು ಔಷಧಿ ಚೀಟಿಗಳು ಈ ಮೂವರ ಮೂಲಕವೇ ಹಾದುಹೋಗುತ್ತವೆ. ಯಾವ ಔಷಧಿ ವಿಮೆಯ ಪಟ್ಟಿಯಲ್ಲಿರಬೇಕು, ಯಾವ ದರ್ಜೆಯಲ್ಲಿರಬೇಕು ಎಂಬುದನ್ನು ಅವರು ತೀರ್ಮಾನಿಸುತ್ತಾರೆ. ಒಳ್ಳೆಯ ದರ್ಜೆ ಬೇಕೆನ್ನುವ ತಯಾರಕ ಅವರಿಗೆ ರಿಬೇಟು ಕೊಡುತ್ತಾನೆ. ರಿಬೇಟು ದೊಡ್ಡದಾಗಿರಬೇಕಾದರೆ ಪಟ್ಟಿಯ ಬೆಲೆಯೂ, ಅಂದರೆ ತಯಾರಕ ಘೋಷಿಸುವ ಬೆಲೆಯೂ, ದೊಡ್ಡದಾಗಿರಬೇಕು. ಹೀಗೆ ಬೆಲೆ ಏರುವುದರಿಂದ ನಡುವಿನ ಯಾರಿಗೂ ನೋವಾಗುವುದಿಲ್ಲ. ನೋವಾಗುವುದು ಪಟ್ಟಿಯ ಬೆಲೆಯನ್ನೇ ಕೈಯಿಂದ ಕೊಡಬೇಕಾದವರಿಗೆ: ವಿಮೆಯಿಲ್ಲದವರಿಗೆ, ಮತ್ತು ವಿಮೆಯಿದ್ದೂ ಡಿಡಕ್ಟಿಬಲ್ ಮುಗಿಯದವರಿಗೆ. ಲೆಕ್ಕಕ್ಕೊಂದು ಉದಾಹರಣೆ ಹೇಳುವುದಾದರೆ, 600 ಡಾಲರಿನ ಪಟ್ಟಿ ಬೆಲೆಯ ಮೇಲೆ 300 ಡಾಲರ್ ರಿಬೇಟು ಇದೆಯೆನ್ನೋಣ. ಡಿಡಕ್ಟಿಬಲ್ ತುಂಬದ ಕುಟುಂಬ 600 ಡಾಲರನ್ನೂ ತಾನೇ ಕೊಟ್ಟು ಬರುತ್ತದೆ, ರಿಬೇಟು ಆಮೇಲೆ ಅದರ ಬೆನ್ನ ಹಿಂದೆ ಬೇರೆ ಕೈಗಳಿಗೆ ಸೇರುತ್ತದೆ. ಅದರಲ್ಲೊಂದು ಭಾಗ ವಿಮೆಯನ್ನು ತಲುಪುವುದರಿಂದ, ಕಾಯಿಲೆಯಿರುವ ಮಗುವಿನ ತಂದೆತಾಯಿ ಕೊಟ್ಟ ಹಣದಿಂದ ಕಾಯಿಲೆಯಿಲ್ಲದವರ ಪ್ರೀಮಿಯಂ ತುಸು ತಗ್ಗುತ್ತದೆ. ವಿಮೆಯೆಂಬ ಏರ್ಪಾಡು ಹುಟ್ಟಿದ್ದು ಇದರ ತದ್ವಿರುದ್ಧವಾದ ಉದ್ದೇಶಕ್ಕೆ.

ಡಿಡಕ್ಟಿಬಲ್ ಎಂಬುದರ ಹಿಂದಿನ ವಾದವನ್ನೂ ನ್ಯಾಯವಾಗಿ ಹೇಳಬೇಕು. ಮೊದಲ ಒಂದೆರಡು ಸಾವಿರ ಡಾಲರನ್ನು ರೋಗಿಯೇ ಭರಿಸುವಂತಿದ್ದರೆ ಅವನು ಬೇಡದ ಪರೀಕ್ಷೆ, ಬೇಡದ ಚಿಕಿತ್ಸೆಗಳಿಗೆ ಹೋಗುವುದಿಲ್ಲ, ಅಗ್ಗದ ಕಡೆ ವಿಚಾರಿಸಿಕೊಂಡು ಬರುತ್ತಾನೆ ಎಂಬುದು ಅದರ ತರ್ಕ. ಮಂಡಿನೋವಿಗೆ ಎಂಆರ್‌ಐ ಈಗಲೇ ಮಾಡಿಸಬೇಕೇ, ಸ್ವಲ್ಪ ಕಾಯಬಹುದೇ ಎಂಬಂಥ ಪ್ರಶ್ನೆಗೆ ಈ ತರ್ಕ ಹೊಂದುತ್ತದೆ. ಎಪಿನೆಫ್ರಿನ್‌ಗೆ ಹೊಂದುವುದೇ ಇಲ್ಲ. ಇದನ್ನು ಯಾರೂ ಬೇಡದಿದ್ದರೂ ಬಳಸುವುದಿಲ್ಲ. ಎಂದಿಗೂ ಬಳಸುವ ಸಂದರ್ಭ ಬಾರದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಲೇ ಕೊಳ್ಳುವ ವಸ್ತುವಿದು. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಅವಧಿ ಮುಗಿದು, ಒಳ್ಳೆಯ ಅದೃಷ್ಟವಿದ್ದವರು ಅದನ್ನು ಮುಟ್ಟದೆಯೇ ಎಸೆಯುತ್ತಾರೆ, ಮತ್ತೆ ಕೊಳ್ಳುತ್ತಾರೆ. ಮಗು ಎರಡು ವರ್ಷದವನಿದ್ದಾಗ ಶುರುವಾದ ಈ ಖರೀದಿ ಅವನು ಕಾಲೇಜಿಗೆ ಹೋದರೂ ನಿಲ್ಲುವುದಿಲ್ಲ. ಹಣ ಕೊಡಲಾಗದೆ ಬಿಟ್ಟವರ ಮನೆಗೆ ಆಂಬುಲೆನ್ಸ್ ಬಂದಾಗ, ತುರ್ತು ಚಿಕಿತ್ಸಾ ಘಟಕದ ಸಾವಿರಾರು ಡಾಲರಿನ ಬಿಲ್ಲಿನಲ್ಲಿ ಬಹುಭಾಗವನ್ನು ಅದೇ ವಿಮೆ ಕೊಡಬೇಕಾಗಿ ಬರುತ್ತದೆ. ವ್ಯಾಪಾರದ ದೃಷ್ಟಿಯಿಂದಲೂ ಇದು ಬುದ್ಧಿವಂತಿಕೆಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ನಮ್ಮ ಬಹಳಷ್ಟು ಯುವ ಕುಟುಂಬಗಳು ಎಚ್‌ಎಸ್‌ಎ ಎಂಬ, ಆರೋಗ್ಯದ ಖರ್ಚಿಗೆ ತೆರಿಗೆಯಿಲ್ಲದೆ ಹಣ ಕೂಡಿಡುವ ಉಳಿತಾಯ ಖಾತೆಯ ಆಸೆಯಿಂದ ಹೆಚ್ಚು ಡಿಡಕ್ಟಿಬಲ್ ಇರುವ ಯೋಜನೆಯನ್ನು ಆರಿಸಿಕೊಳ್ಳುತ್ತವೆ. ಅಂಥ ಯೋಜನೆಗಳು ಬಹುಮಟ್ಟಿಗೆ ರೋಗ ತಡೆಗಟ್ಟುವ ಸೇವೆಗಳನ್ನು ಮಾತ್ರ ಡಿಡಕ್ಟಿಬಲ್ ಮುಗಿಯುವ ಮುನ್ನ ಭರಿಸಬಹುದೆಂಬುದು ತೆರಿಗೆ ಇಲಾಖೆಯ ನಿಯಮ. 2019ರಲ್ಲಿ ಇಲಾಖೆ ಆ ಸೇವೆಗಳನ್ನು ವಿಸ್ತರಿಸಿ, ದೀರ್ಘಕಾಲದ ಕಾಯಿಲೆಗಳಿಗೆ ಬೇಕಾದ ಕೆಲವು ಔಷಧಿಗಳ ಪಟ್ಟಿ ಕೊಟ್ಟಿತು. ಮಧುಮೇಹಿಗಳ ಇನ್ಸುಲಿನ್ ಅದರಲ್ಲಿದೆ, ಆಸ್ತಮಾದವರ ಇನ್‌ಹೇಲರ್ ಇದೆ, ಕೊಲೆಸ್ಟರಾಲಿನ ಮಾತ್ರೆ ಇದೆ. ಸಾವನ್ನು ನಿಮಿಷಗಳಲ್ಲಿ ತಡೆಯುವ ಎಪಿನೆಫ್ರಿನ್ ಇಲ್ಲ.

ಆದರೆ ಏನೂ ಬದಲಾಗಿಲ್ಲವೆಂದು ಹೇಳಿದರೆ ಹೋರಾಡಿದ ತಾಯಂದಿರಿಗೆ ಅನ್ಯಾಯ ಮಾಡಿದಂತಾಗುತ್ತದೆ. 2016ರ ಕೋಲಾಹಲದ ನಂತರ ಮೈಲಾನ್ ತನ್ನದೇ ಪೆನ್ನಿನ ಜೆನೆರಿಕ್ ರೂಪವನ್ನು ಜೋಡಿಗೆ 300 ಡಾಲರಿನಂತೆ ಬಿಟ್ಟಿತು. ಬಡವರ ಮೆಡಿಕೈಡ್ ಯೋಜನೆಯಲ್ಲಿ ಎಪಿಪೆನ್ನನ್ನು ಜೆನೆರಿಕ್ ಎಂದು ವರ್ಗೀಕರಿಸಿ, ಬ್ರ್ಯಾಂಡ್ ಔಷಧಿಗೆ ಸಲ್ಲಬೇಕಾದ ಶೇ 23.1ರ ಬದಲು ಶೇ 13ರ ರಿಬೇಟು ಮಾತ್ರ ಸರ್ಕಾರಕ್ಕೆ ಕೊಟ್ಟಿದ್ದ ಆರೋಪಕ್ಕಾಗಿ 2017ರಲ್ಲಿ 465 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2018ರ ಆಗಸ್ಟ್‌ನಲ್ಲಿ ಟೆವಾ ಕಂಪನಿಯ ಜೆನೆರಿಕ್‌ಗೆ ಒಪ್ಪಿಗೆ ಸಿಕ್ಕಿತು. 2024ರ ಆಗಸ್ಟ್‌ನಲ್ಲಿ ಸೂಜಿಯೇ ಇಲ್ಲದ, ಮೂಗಿಗೆ ಸಿಂಪಡಿಸುವ ನೆಫಿ ಎಂಬ ಎಪಿನೆಫ್ರಿನ್ ಬಂದಿತು. ಆಯ್ಕೆಗಳು ಹೆಚ್ಚಿದವು ನಿಜ, ಆದರೆ ಹಿಂದೆ ನೂರರ ಆಸುಪಾಸಿನಲ್ಲಿದ್ದ ಎಪಿಪೆನ್ನಿನ ಬೆಲೆಯನ್ನು ಮತ್ತೆ ಅಲ್ಲಿಗಿಳಿಸಲು ಪೈಪೋಟಿಗೆ ಆಗಲಿಲ್ಲ.

ಆದ್ದರಿಂದಲೇ ರಾಜ್ಯಗಳು ಕಾನೂನಿಗೆ ಕೈಹಾಕಿದವು. ಇಲಿನಾಯ್ 2019ರಲ್ಲಿ, ಮಕ್ಕಳ ಎಪಿನೆಫ್ರಿನ್ ಇಂಜೆಕ್ಟರನ್ನು ವಿಮೆ ಭರಿಸಲೇಬೇಕೆಂದು ಕಾನೂನು ಮಾಡಿತು. 2025ರ ಆರಂಭದಿಂದ ಒಂದು ಜೋಡಿಗೆ ರೋಗಿ ಕೊಡಬೇಕಾದ ಪಾಲಿಗೆ 60 ಡಾಲರಿನ ಮಿತಿ ಹಾಕಿತು. ಕೊಲೊರಾಡೊ 2024ರಿಂದಲೇ ಅದೇ 60 ಡಾಲರಿನ ಮಿತಿ ತಂದು, ವಿಮೆಯಿಲ್ಲದವರಿಗೂ ಅದೇ ಬೆಲೆಗೆ ಕೊಟ್ಟು ಉಳಿದ ಖರ್ಚನ್ನು ತಯಾರಕರೇ ತುಂಬಿಕೊಡುವ ಏರ್ಪಾಡು ಮಾಡಿತು. ಆ ಭಾಗವನ್ನು ತಯಾರಕರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ನ್ಯೂಜೆರ್ಸಿ 2023ರ ಕಾನೂನಿನಲ್ಲಿ ತಿಂಗಳ ಪೂರೈಕೆಗೆ 25 ಡಾಲರ್ ಎಂದಿತು. ನ್ಯೂಯಾರ್ಕ್ 2026ರ ಜನವರಿಯಿಂದ ವರ್ಷಕ್ಕೆ 100 ಡಾಲರ್ ಎಂದಿತು. ಇವನ್ನು ಓದಿ ಸಂತೋಷದಿಂದ ಅಂಗಡಿಗೆ ಬರುವ ನಮ್ಮ ಎಂಜಿನಿಯರ್ ಮಿತ್ರರಿಗೆ ನಾನು ಬೇಸರದ ಸುದ್ದಿ ಕೊಡಬೇಕಾಗುತ್ತದೆ. "ಕಾನೂನು ಬಂದಿದೆಯಲ್ಲ ಸಾರ್, ನಮಗೇಕೆ ಅನ್ವಯಿಸುವುದಿಲ್ಲ?" ಎಂದು ಅವರು ಕೇಳುತ್ತಾರೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ವಿಮೆಯನ್ನು ಕೊಳ್ಳುವುದಿಲ್ಲ. ನೌಕರರ ಆಸ್ಪತ್ರೆ ಖರ್ಚನ್ನು ತಮ್ಮದೇ ಹಣದಿಂದ ಕೊಟ್ಟು, ವಿಮಾ ಕಂಪನಿಗೆ ಲೆಕ್ಕಪತ್ರದ ಕೆಲಸವನ್ನಷ್ಟೇ ಒಪ್ಪಿಸಿರುತ್ತವೆ. ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರಿರುವುದರಿಂದ ನೌಕರನಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಇಂಥ ಸ್ವಂತ ನಿಧಿಯ ಯೋಜನೆಗಳು 1974ರ ಎರಿಸಾ ಎಂಬ ಕೇಂದ್ರ ಕಾನೂನಿನಡಿ ಬರುತ್ತವೆ, ರಾಜ್ಯದ ವಿಮಾ ಕಾನೂನುಗಳು ಅವುಗಳನ್ನು ಮುಟ್ಟಲಾರವು. ಉದ್ಯೋಗದ ಮೂಲಕ ವಿಮೆ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಥ ಯೋಜನೆಗಳಲ್ಲೇ ಇದ್ದಾರೆ, ಮತ್ತು ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ನಮ್ಮವರಲ್ಲಿ ಬಹುಪಾಲು ಅಲ್ಲಿಯೇ ಇರಬೇಕು. ಇದಕ್ಕೆ ಕೇಂದ್ರದಲ್ಲೇ ಕಾನೂನಾಗಬೇಕು. ಅದಕ್ಕಿಂತ ಮೊದಲು ಆಗಬಹುದಾದ್ದು ಇನ್ನೊಂದಿದೆ: ಸ್ವಂತ ನಿಧಿಯ ಯೋಜನೆಯಲ್ಲಿ ಏನು ಸೇರಬೇಕೆಂದು ತೀರ್ಮಾನಿಸುವುದು ಕಂಪನಿಯೇ ಆದ್ದರಿಂದ, ನೌಕರರು ಹತ್ತು ಜನ ಸೇರಿ ತಮ್ಮ ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು ಕೇಳಿದರೆ ಮುಂದಿನ ವರ್ಷದ ಯೋಜನೆಯಲ್ಲಿ ಎಪಿನೆಫ್ರಿನ್‌ಗೆ ಮಿತಿ ಹಾಕಿಸಲು ಸಾಧ್ಯವಿದೆ. ವಿಮೆ ಬದಲಾಯಿಸುವ ಅಕ್ಟೋಬರ್-ನವೆಂಬರ್ ತಿಂಗಳಿಗೆ ಮುಂಚೆ, ಬೇಸಿಗೆಯಲ್ಲೇ ಬರೆಯಬೇಕು. ಆಮೇಲೆ ಬರೆದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಇನ್ನು ಕೌಂಟರಿನ ಬಳಿ ಏನು ಮಾಡಬಹುದೆಂಬ ವಿಷಯ. ವೈದ್ಯರು ಚೀಟಿಯಲ್ಲಿ ಎಪಿಪೆನ್ ಎಂದು ಬರೆದರೆ ಅದಕ್ಕೆ ಸಮಾನವೆಂದು ಎಫ್‌ಡಿಎ ಒಪ್ಪಿದ ಜೆನೆರಿಕ್ಕನ್ನು ಮಾತ್ರ ನಾವು ಬದಲಿಗೆ ಕೊಡಬಹುದು. ಅಡ್ರಿನಾಕ್ಲಿಕ್ ಎಂಬ ಬೇರೆ ವಿನ್ಯಾಸದ ಪೆನ್ನಿನ ಜೆನೆರಿಕ್ ಅಗ್ಗವಾಗಿ ಸಿಗುತ್ತಿದ್ದರೂ ಕೊಡುವ ಅಧಿಕಾರ ನಮಗಿಲ್ಲ. 2017ರಲ್ಲಿ ಒಂದು ದೊಡ್ಡ ಔಷಧಿ ಮಳಿಗೆ ಸರಣಿ ಅದನ್ನು ಜೋಡಿಗೆ ಸುಮಾರು 110 ಡಾಲರಿಗೆ ಮಾರಿದಾಗಲೂ ಬಹಳ ಜನ ಇದೇ ಕಾರಣಕ್ಕೆ ಅದರ ಪ್ರಯೋಜನ ಪಡೆಯಲಿಲ್ಲ. ಆದ್ದರಿಂದ ಬ್ರ್ಯಾಂಡಿನ ಹೆಸರಿನ ಬದಲು "ಎಪಿನೆಫ್ರಿನ್ ಆಟೋ-ಇಂಜೆಕ್ಟರ್" ಎಂದೇ ಬರೆಯಲು ವೈದ್ಯರನ್ನು ಕೇಳಿಕೊಳ್ಳಿ. ಆದರೆ ಪೆನ್ ಬದಲಾದರೆ ಬಳಸುವ ಕ್ರಮವೂ ಬದಲಾಗುತ್ತದೆಂಬುದನ್ನು ಮರೆಯದೆ, ತರಬೇತಿ ಪೆನ್ ಕೇಳಿ ಪಡೆದು, ಮನೆಯವರೆಲ್ಲ, ಊರಿನಿಂದ ಬಂದ ಅಜ್ಜಿಯೂ ಸೇರಿ, ಒಮ್ಮೆ ಅಭ್ಯಾಸ ಮಾಡಬೇಕು. ವಿಮೆಯ ಮೂಲಕ ಬಂದ ಬೆಲೆಯನ್ನೇ ಕೊನೆಯದೆಂದು ತಿಳಿಯಬೇಡಿ. ವಿಮೆ ಬಳಸದೆ ನಗದು ಕೊಟ್ಟರೆ ಎಷ್ಟು, ರಿಯಾಯಿತಿ ಕಾರ್ಡಿಗೆ ಎಷ್ಟು, ತಯಾರಕರ ಕೂಪನ್ನಿಗೆ ಎಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿದರೆ ಬಡವರೆಂದುಕೊಂಡಾರು ಎಂಬ ಅಳುಕು ನಮ್ಮವರಲ್ಲಿ ಹೆಚ್ಚು. ನನ್ನ ಅನುಭವದಲ್ಲಿ ವಿಚಾರಿಸದೆ ಹೆಚ್ಚು ಹಣ ಕೊಟ್ಟು ಹೋಗುವವರೇ ಜಾಸ್ತಿ. ಕೂಪನ್ನಿನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಸರ್ಕಾರಿ ಯೋಜನೆಗಳಾದ ಮೆಡಿಕೇರ್, ಮೆಡಿಕೈಡ್ ಇರುವವರು ಅದನ್ನು ಬಳಸುವಂತಿಲ್ಲ. ಮತ್ತು ಕೆಲವು ವಿಮೆಗಳು ಕೂಪನ್ ಕೊಟ್ಟ ಹಣವನ್ನು ಡಿಡಕ್ಟಿಬಲ್ ಲೆಕ್ಕಕ್ಕೆ ಸೇರಿಸುವುದಿಲ್ಲ, ಆಗ ವರ್ಷದ ನಡುವೆ ಬಿಲ್ಲು ಮತ್ತೆ ಎದುರಾಗುತ್ತದೆ.

ತಿಂಗಳ ಆಯ್ಕೆಯೂ ಮುಖ್ಯ. ವರ್ಷದಲ್ಲಿ ಬೇರೆ ಚಿಕಿತ್ಸೆಗಳಿಗೆ ಡಿಡಕ್ಟಿಬಲ್ ತುಂಬಿದ್ದರೆ ಡಿಸೆಂಬರ್ ಕೊನೆಯೊಳಗೆ ಹೊಸ ಪೆನ್ನು ಪಡೆಯುವುದು ಲಾಭ. ಶಾಲೆಗೆ ಬೇಕಾದದ್ದನ್ನು ಮಾತ್ರ ಆಗಸ್ಟ್‌ನಲ್ಲಿ ಪಡೆದರೆ ಶಾಲಾ ವರ್ಷ ಮುಗಿಯುವವರೆಗೂ ಅವಧಿ ಉಳಿಯುತ್ತದೆ. 2013ರಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ಕಾನೂನು ಶಾಲೆಗಳು ಸ್ವಂತ ಎಪಿನೆಫ್ರಿನ್ ದಾಸ್ತಾನು ಇಟ್ಟುಕೊಳ್ಳುವುದಕ್ಕೆ ಪ್ರೋತ್ಸಾಹ ಕೊಟ್ಟಿತು. ತಮ್ಮ ಶಾಲೆಯಲ್ಲಿ ಅದು ಇದೆಯೇ, ಬೀಗ ಹಾಕದ ಜಾಗದಲ್ಲಿದೆಯೇ ಎಂದು ನರ್ಸ್ ಅವರನ್ನು ಕೇಳಿ ತಿಳಿದುಕೊಳ್ಳಿ. ಆದರೆ ಶಾಲೆಯಲ್ಲಿದೆ ಎಂದು ಮಗುವಿನ ಚೀಲದ ಪೆನ್ನನ್ನು ಕೈಬಿಡುವಂತಿಲ್ಲ. ಶಾಲಾ ಬಸ್ಸಿನಲ್ಲಿ ಆ ದಾಸ್ತಾನು ಇರುವುದಿಲ್ಲ.

ಬೇರೆ ದೇಶಗಳ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಅದೇ ಪೆನ್ನುಗಳು ಮಕ್ಕಳಿಗೆ ಉಚಿತ. ಚೀಟಿಗೆ ಹಣ ಕೊಡಬೇಕಾದ ದೊಡ್ಡವರಿಗೆ ಹತ್ತು ಪೌಂಡಿನೊಳಗೆ. ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಎಲ್ಲರಿಗೂ ಉಚಿತ. ಸಾಧನ ಒಂದೇ, ಔಷಧಿ ಒಂದೇ. ಬೆಲೆಯನ್ನು ದೇಶವೇ ತಯಾರಕರೊಡನೆ ಕುಳಿತು ಗೊತ್ತುಮಾಡಿ, ಖರ್ಚನ್ನೂ ಬಹುಮಟ್ಟಿಗೆ ತಾನೇ ಭರಿಸುತ್ತದೆ ಎಂಬುದಷ್ಟೇ ವ್ಯತ್ಯಾಸ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮಗನ ಮನೆಗೆಂದು ಚಿಕ್ಕಮಗಳೂರು ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, "ನಮ್ಮ ಕಾಫಿ ತೋಟದಲ್ಲಿ ಹೆಜ್ಜೇನು ಎದ್ದು ಕಚ್ಚಿದರೆ ಜನ ಪ್ರಾಣ ಕಳೆದುಕೊಂಡದ್ದುಂಟು. ಈ ಪೆನ್ನು ನಮ್ಮಲ್ಲಿ ಸಿಗುತ್ತದೆಯೇ?" ಎಂದು ಕೇಳಿದರು. ಭಾರತದ ಔಷಧಿ ಅಂಗಡಿಗಳಲ್ಲಿ ಅದು ಇಲ್ಲಿನಂತೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೇಕಾದವರು ಸ್ವಂತ ಬಳಕೆಗೆಂದು ಪರವಾನಗಿ ಪಡೆದು ಹೊರಗಿನಿಂದ ತರಿಸಿಕೊಳ್ಳಬೇಕಾಗುತ್ತದೆ. ಆದರೆ ಒಂದು ಮಿಲಿಗ್ರಾಂ ಅಡ್ರಿನಾಲಿನ್ನಿನ ಗಾಜಿನ ಆಂಪ್ಯೂಲ್ ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದರ ಬೆಲೆ ಹೋಟೆಲಿನ ಒಂದು ತಿಂಡಿಯ ಬೆಲೆಯನ್ನು ದಾಟದು. ತೊಡಕಿರುವುದು ಬೆಲೆಯಲ್ಲಲ್ಲ, ಕೈಯಲ್ಲಿ: ಆಂಪ್ಯೂಲ್ ಮುರಿದು, ಸಿರಿಂಜಿಗೆ ಸರಿಯಾದ ಪ್ರಮಾಣ ಎಳೆದುಕೊಳ್ಳಲು ಅಭ್ಯಾಸವಿಲ್ಲದವರಿಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತದೆ, ಪ್ರಮಾಣವೂ ತಪ್ಪುತ್ತದೆ. ಆದ್ದರಿಂದ ದೊಡ್ಡ ತೋಟಗಳಲ್ಲಿ ಒಬ್ಬಿಬ್ಬರಿಗಾದರೂ ವೈದ್ಯರಿಂದ ತರಬೇತಿ ಕೊಡಿಸಿಡುವುದು ಒಳ್ಳೆಯದು. ವಿಮೆಯ ಪ್ರಶ್ನೆ ಅಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಭಾರತದ ಆರೋಗ್ಯ ವಿಮೆಗಳು ಬಹುಮಟ್ಟಿಗೆ 24 ಗಂಟೆ ಒಳರೋಗಿಯಾಗಿ ದಾಖಲಾದರೆ ಹಣ ಕೊಡುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯೂ ಆಸ್ಪತ್ರೆಯ ಚಿಕಿತ್ಸೆಯನ್ನೇ ಆಧರಿಸಿದೆ. ಅಡ್ರಿನಾಲಿನ್ ಸಕಾಲಕ್ಕೆ ಸಿಕ್ಕ ರೋಗಿಯನ್ನು ತುರ್ತು ಘಟಕದಲ್ಲಿ ಕೆಲವು ಗಂಟೆ ಗಮನಿಸಿ ಮನೆಗೆ ಕಳುಹಿಸಬಹುದು, ಆಗ ಸಾಮಾನ್ಯ ಪಾಲಿಸಿಯಲ್ಲಿ ಅವರ ಬಿಲ್ಲಿಗೆ ದಾರಿಯಿಲ್ಲ. ಹೊರರೋಗಿ ವೆಚ್ಚವನ್ನೂ ಸೇರಿಸಿದ ಪಾಲಿಸಿ ಇದೆಯೇ ಎಂದು ನೋಡಿ ಕೊಳ್ಳುವಂತೆ ಅವರಿಗೆ ಹೇಳಿದೆ. ಇಲ್ಲಿರುವಾಗಿನ ಅವರ ಪ್ರವಾಸಿ ವಿಮೆ ಮೊದಲೇ ಇದ್ದ ಅಲರ್ಜಿಯನ್ನು ಹೊರಗಿಡುವ ಸಾಧ್ಯತೆಯೇ ಹೆಚ್ಚೆಂಬುದನ್ನೂ ಮಗನಿಗೆ ತಿಳಿಸಿದೆ.

ಎರಡನೆಯ ಪ್ರಶ್ನೆ ಅವಧಿ ಮುಗಿದ ಪೆನ್ನಿನದು. ನನ್ನ ಮನಸ್ಸಿನಲ್ಲಿ ಆ ಜನವರಿಯಿಂದಲೂ ಉಳಿದಿದ್ದದ್ದು. ಅವಧಿ ಮುಗಿದ ಪೆನ್ನು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಆ ದಿನಾಂಕದ ಮರುದಿನವೇ ನೀರಾಗಿಬಿಡುವುದಿಲ್ಲ. 2018ರಲ್ಲಿ ಪೆನ್ನುಗಳ ಕೊರತೆಯಾದಾಗ ಎಫ್‌ಡಿಎ ತಾನೇ ಕೆಲವು ಲಾಟುಗಳ ಅವಧಿಯನ್ನು 4 ತಿಂಗಳು ವಿಸ್ತರಿಸಿತ್ತು. ಹೊಸದು ಕೈಯಲ್ಲಿಲ್ಲದೆ ಅನಾಫಿಲ್ಯಾಕ್ಸಿಸ್ ಎದುರಾದರೆ ಹಳೆಯದನ್ನೇ ಚುಚ್ಚಿ 911ಕ್ಕೆ ಕರೆ ಮಾಡಬೇಕು. ಏನೂ ಕೊಡದೆ ಕಾಯುವುದಕ್ಕಿಂತ ಅದು ಮೇಲು. ಆದ್ದರಿಂದ ಹೊಸ ಜೋಡಿ ಮನೆ ಸೇರುವವರೆಗೆ ಹಳೆಯದನ್ನು ಎಸೆಯಬೇಡಿ, ಅದನ್ನು ಕಾರಿನ ಬಿಸಿಯಲ್ಲಾಗಲಿ ಫ್ರಿಜ್ಜಿನಲ್ಲಾಗಲಿ ಇಡಬೇಡಿ, ಪೆನ್ನಿನ ಪುಟ್ಟ ಕಿಟಕಿಯಲ್ಲಿ ಕಾಣುವ ದ್ರವ ಬಣ್ಣಗೆಟ್ಟಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಇನ್ನೊಂದು ಮಾತು: ಅಂಗಡಿಯವರು ಪೊಟ್ಟಣ ಕೈಗಿತ್ತಾಗ, ಹಣ ಕೊಡುವ ಮೊದಲೇ, ಅದರ ಮೇಲಿನ ಅವಧಿಯನ್ನು ಓದಿ. ಏಳೆಂಟು ತಿಂಗಳಷ್ಟೇ ಉಳಿದಿದ್ದರೆ ಹೆಚ್ಚು ಅವಧಿಯಿರುವ ಬೇರೆ ಪೊಟ್ಟಣ ತರಿಸಿಕೊಡಲು ಕೇಳಿ. ನಾವು ಎರಡು ದಿನದಲ್ಲಿ ತರಿಸಿಕೊಡುತ್ತೇವೆ.